ನಗು ಬಾರದ ಹೆಂಗಸರು

ಹೋದ ವರ್ಷ ಗಣಪತಿ ಹಬ್ಬದ ಮೂರನೆಯ ದಿನ ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ಹಾಸ್ಯಸಂಜೆ ಇತ್ತು. ಅಡುಗೆ ಕೆಲಸ ಬೇಗ ಮುಗಿಸಿ, ಸೀರೆ ಬದಲಾಯಿಸಿ, ಪಕ್ಕದ ಮನೆಯ ಸಾವಿತ್ರಮ್ಮನವರನ್ನೂ ಹೊರಡಿಸಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಭಾಷಣಕಾರರು ದೂರದ ಊರಿನಿಂದ ಬಂದವರು. ಒಂದೂವರೆ ಗಂಟೆ ಮಾತಾಡಿದರು. ಅದರಲ್ಲಿ ಒಂದು ಗಂಟೆ ಹೆಂಡತಿ. ಹೆಂಡತಿ ದಪ್ಪಗಿರುವುದು, ಹೆಂಡತಿ ಮಾಡಿದ ಉಪ್ಪಿಟ್ಟು ಗಾರೆಯಂತಿರುವುದು, ಹೆಂಡತಿ ತವರಿಗೆ ಹೊರಟ ದಿನವೇ ಗಂಡನಿಗೆ ಆಗಸ್ಟ್ ಹದಿನೈದು. ಮಿಕ್ಕ ಅರ್ಧ ಗಂಟೆ ಅತ್ತೆ. ಜನ ನಕ್ಕರು. ನನ್ನ ಹಿಂದಿದ್ದ ಹೆಂಗಸರೂ ನಕ್ಕರು. ಸಾವಿತ್ರಮ್ಮ ನಗುತ್ತಾ ನನ್ನ ಕಡೆ ತಿರುಗಿದವರು, ನಾನು ಸುಮ್ಮನೆ ಕೂತಿದ್ದುದನ್ನು ಕಂಡು, ನಗುವನ್ನು ಅರ್ಧಕ್ಕೇ ನಿಲ್ಲಿಸಿ ಸೆರಗು ಸರಿಮಾಡಿಕೊಂಡರು.

ಕಾರ್ಯಕ್ರಮ ಮುಗಿದು ಕೋಸಂಬರಿ ಹಂಚುವಾಗ ಸಮಿತಿಯ ಖಜಾಂಚಿಗಳು ಬಂದು, "ಹೇಗಿತ್ತು ಮೇಡಂ ಪ್ರೋಗ್ರಾಮು?" ಎಂದರು. "ಹೆಂಡತಿ ಬಿಟ್ಟರೆ ಅವರಿಗೆ ಬೇರೆ ವಿಷಯವೇ ಗೊತ್ತಿಲ್ವೇನೋ" ಎಂದೆ. ಅವರು ನಕ್ಕು, "ತಮಾಷೆಗೆ ಮೇಡಂ, ತಮಾಷೆಗೆ. ಏನ್ಮಾಡೋದು, ನಿಮ್ಮ ಹೆಂಗಸರಿಗೆ ಹಾಸ್ಯಪ್ರಜ್ಞೆ ಸ್ವಲ್ಪ ಕಡಿಮೆ. ಅದರಲ್ಲೂ ಈ ಸ್ತ್ರೀವಾದ ಗೀವಾದ ಓದಿಕೊಂಡವರಿಗಂತೂ ಇಲ್ಲವೇ ಇಲ್ಲ" ಎಂದರು. ಪಕ್ಕದಲ್ಲಿದ್ದ ನಮ್ಮ ಮನೆಯವರು ಕೋಸಂಬರಿಯ ದೊನ್ನೆಯಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದರು.

ಆ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. ಆದರೆ ಅದನ್ನು ಹೇಳಬೇಕಾದರೆ ನಮ್ಮ ಊರು ಬಿಟ್ಟು, ನಮ್ಮ ದೇಶವನ್ನೂ ಬಿಟ್ಟು, ನಗಿಸುವುದನ್ನೇ ಜೀವಮಾನದ ಕಸುಬು ಮಾಡಿಕೊಂಡಿದ್ದ ಒಬ್ಬ ಅಮೆರಿಕದವನ ಕಥೆ ಹೇಳಬೇಕು. ಸ್ವಲ್ಪ ತಾಳ್ಮೆಯಿಂದ ಕೇಳಿ.

ನಮ್ಮಣ್ಣ 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿಂದ 'ಮ್ಯಾಡ್' ಎಂಬ ಪತ್ರಿಕೆ ತಂದು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದ. ಹೆಸರೇ ಹುಚ್ಚು, ಅಪ್ಪನ ಕಣ್ಣಿಗೆ ಬಿದ್ದರೆ ಬಚ್ಚಲ ಒಲೆಗೇ ಹೋಗುತ್ತಿತ್ತು. ನಾನು ಕದ್ದು ನೋಡುತ್ತಿದ್ದೆ. ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ನಗು ಬರುತ್ತಿತ್ತು. ಅಂಗೈಯಗಲದ ಒಂದು ಪುಸ್ತಕವೂ ಅದರಲ್ಲಿತ್ತು; ಆ ಪತ್ರಿಕೆಯ ಮೊದಮೊದಲ ಚಿತ್ರಕಥೆಗಳನ್ನು ಸೇರಿಸಿ ಮತ್ತೆ ಅಚ್ಚು ಹಾಕಿದ್ದು. ಅಣ್ಣ ಊರು ಬಿಟ್ಟು ಹೋದಮೇಲೆ ಅವನ ಟ್ರಂಕು ನಮ್ಮ ಮನೆಯ ಅಟ್ಟ ಸೇರಿತು. ಹಾಸ್ಯಸಂಜೆಯ ಮರುದಿನ ಆ ಟ್ರಂಕು ಇಳಿಸಿದೆ. ಅಮೆರಿಕದಲ್ಲಿರುವ ಅಣ್ಣನ ಮಗಳಿಗೆ ಫೋನು ಮಾಡಿ, ಇದನ್ನು ಬರೆದವನು ಯಾರು, ಅವನ ವಿಷಯ ಪುಸ್ತಕವಿದ್ದರೆ ಕಳಿಸೇ ಎಂದೆ. ಅವಳು ಒಂದಲ್ಲ, ಮೂರು ಕಳಿಸಿದಳು. ವರ್ಷವೆಲ್ಲ ಅವನ್ನು ಓದಿದೆ.

ಅವನ ಹೆಸರು ಹಾರ್ವಿ ಕರ್ಟ್ಜ್‌ಮನ್. 1924ರ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ. ಹೊಟ್ಟೆಪಾಡಿಗೆಂದು ಕಡಲು ದಾಟಿ ಬಂದಿದ್ದ ಯಹೂದಿ ಕುಟುಂಬ. ತಂದೆ ತೀರಿಕೊಂಡಾಗ ಹುಡುಗನಿಗೆ ನಾಲ್ಕು ವರ್ಷ. ಸಾಕಲಾರದೆ ತಾಯಿ ಇಬ್ಬರು ಗಂಡುಮಕ್ಕಳನ್ನೂ ಕೆಲವು ಕಾಲ ಅನಾಥಾಲಯದಲ್ಲಿಟ್ಟಳಂತೆ. ಆಮೇಲೆ ಮರುಮದುವೆಯಾಗಿ ಮನೆಗೆ ಕರೆದುಕೊಂಡಳು. ಹುಡುಗ ಸೀಮೆಸುಣ್ಣ ಹಿಡಿದು ಬೀದಿಯ ಕಾಲುದಾರಿಯ ಮೇಲೆ ಚಿತ್ರಕಥೆ ಬರೆಯುತ್ತಿದ್ದ. ನಾವು ಅಂಗಳದಲ್ಲಿ ರಂಗೋಲಿ ಹಾಕುತ್ತೇವಲ್ಲ, ಹಾಗೆ.

ದೊಡ್ಡವನಾಗಿ, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಚಾಕರಿ ಮುಗಿಸಿ ಬಂದು, ಟೈಮ್ಲಿ ಎಂಬ ಕಂಪನಿಗೆ ಒಂದೊಂದು ಪುಟದ ನಗೆಚಿತ್ರ ಬರೆದುಕೊಡತೊಡಗಿದ. ಅದೇ ಕಚೇರಿಯಲ್ಲಿ ಅಡೆಲ್ ಎಂಬ ಹುಡುಗಿ ಕೆಲಸಕ್ಕಿದ್ದಳು. ಓದುಗರಿಗೆ ಯಾರ ಚಿತ್ರ ಹೆಚ್ಚು ಇಷ್ಟ ಎಂದು ಕಂಪನಿ ಮತ ಕೇಳಿದಾಗ, ಈ ಹುಡುಗನಿಗೆ ಬಂದ ಮತ ಕಡಿಮೆಯೆಂದು ಬೇಸರಗೊಂಡ ಅವಳು ತಾನೇ ಒಂದಿಷ್ಟು ಮತ ತುಂಬಿಸಿಬಿಟ್ಟಳು ಎಂಬ ಕಥೆಯುಂಟು. ಅದರಿಂದ ಅವನಿಗೆ ಕೆಲಸ ಹೆಚ್ಚಾಯಿತಂತೆ. 1948ರಲ್ಲಿ ಇಬ್ಬರಿಗೂ ಮದುವೆಯಾಯಿತು. ನಮ್ಮ ಭಾಷಣಕಾರರ ಕೈಗೆ ಸಿಕ್ಕಿದ್ದರೆ ಈ ಹೆಂಡತಿಯೂ ಉಪ್ಪಿಟ್ಟು ಸೀಯಿಸುತ್ತಿದ್ದಳು. ನಿಜವಾದ ಹೆಂಡತಿ ಅವನ ದಾರಿಯ ಮೊದಲ ಕಲ್ಲನ್ನು ಸರಿಸಿಕೊಟ್ಟಳು.

ಆಮೇಲೆ ಅವನು ವಿಲಿಯಂ ಗೇನ್ಸ್ ಎಂಬವನ ಇ.ಸಿ. ಎಂಬ ಸಣ್ಣ ಕಂಪನಿ ಸೇರಿದ. ಅಲ್ಲಿ 1950 ಮತ್ತು 51ರಲ್ಲಿ ಎರಡು ಯುದ್ಧದ ಚಿತ್ರಕಥೆ ಪತ್ರಿಕೆಗಳಿಗೆ ಸಂಪಾದಕನಾದ. ಅಮೆರಿಕ ಆಗ ಕೊರಿಯಾದಲ್ಲಿ ಕಾದಾಡುತ್ತಿತ್ತು. ಉಳಿದ ಪತ್ರಿಕೆಗಳಲ್ಲಿ ಅಮೆರಿಕದ ಸೈನಿಕ ಒಬ್ಬನೇ ನೂರು ಜನರನ್ನು ಹೊಡೆಯುತ್ತಿದ್ದರೆ, ಇವನು ಬರೆದ ಒಂದು ಕಥೆಯಲ್ಲಿ ಅಮೆರಿಕದ ಸೈನಿಕನೊಬ್ಬ ನದಿಯಲ್ಲಿ ಶತ್ರುವಿನ ತಲೆಯನ್ನು ನೀರಿನೊಳಗೆ ಅದುಮಿ ಹಿಡಿದು ಕೊಲ್ಲುತ್ತಾನೆ. ಗೆದ್ದವನಿಗೆ ಜಯಕಾರವಿಲ್ಲ, ಹೆಣ ಹೊಳೆಯಲ್ಲಿ ತೇಲಿಹೋಗುತ್ತದೆ. ಯುದ್ಧ ಅಂದರೆ ಇದು, ನೋಡಿ ಎಂದ. ಯುದ್ಧ ನಡೆಯುತ್ತಿರುವಾಗಲೇ ಹಾಗೆ ಬರೆಯುವುದಕ್ಕೆ ಎದೆ ಬೇಕು.

ಒಂದೊಂದು ಕಥೆಗೂ ವಾರಗಟ್ಟಲೆ ಗ್ರಂಥಾಲಯದಲ್ಲಿ ಕೂತು ಹುಡುಕುವವನಾದ್ದರಿಂದ ಅವನ ಕೆಲಸ ನಿಧಾನ, ಸಂಪಾದನೆ ಕಡಿಮೆ. ಹಾಗಾದರೆ ಒಂದು ನಗೆಪತ್ರಿಕೆಯನ್ನೂ ಮಾಡು, ಅದು ಬೇಗ ಆಗುತ್ತದೆ, ನಾಲ್ಕು ಕಾಸು ಹೆಚ್ಚು ಬರುತ್ತದೆ ಎಂದ ಗೇನ್ಸ್. ಹೀಗೆ 1952ರಲ್ಲಿ 'ಮ್ಯಾಡ್' ಹುಟ್ಟಿತು. ಬೆಲೆ 10 ಸೆಂಟ್. ಕಥೆಗಳನ್ನೆಲ್ಲ ಬರೆದವನು ಇವನು. ಯಾವ ಚೌಕದಲ್ಲಿ ಯಾರು ಎಲ್ಲಿ ನಿಂತಿರಬೇಕು ಎಂಬುದನ್ನೂ ತಾನೇ ಗೀಟು ಹಾಕಿ ಕಲಾವಿದರ ಕೈಗೆ ಕೊಡುತ್ತಿದ್ದ. ವಿಲ್ ಎಲ್ಡರ್, ವಾಲಿ ವುಡ್, ಜ್ಯಾಕ್ ಡೇವಿಸ್ ಎಂಬ ಮೂವರು ಅದಕ್ಕೆ ಜೀವ ತುಂಬಿದರು.

1953ರಲ್ಲಿ ಬಂದ ನಾಲ್ಕನೆಯ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನನ್ನು ಅಣಕಿಸಿದ ಕಥೆ ಇತ್ತು. ಹೆಸರು 'ಸೂಪರ್‌ಡೂಪರ್‌ಮ್ಯಾನ್'. ಅಣ್ಣನ ಅಂಗೈಯಗಲದ ಪುಸ್ತಕದಲ್ಲಿ ನಾನು ಹುಡುಗಿಯಾಗಿದ್ದಾಗ ನೋಡಿ ನಕ್ಕಿದ್ದು ಇದೇ. ಪತ್ರಿಕಾ ಕಚೇರಿಯ ಬಡಪಾಯಿ ಗುಮಾಸ್ತನೊಬ್ಬ ಅಲ್ಲಿನ ಹುಡುಗಿಯ ಹಿಂದೆ ಸುತ್ತುತ್ತಾನೆ. ಅವಳು ಮೂಸಿಯೂ ನೋಡುವುದಿಲ್ಲ. ಕೊನೆಗೆ ಅವನು ತಾನು ಸಾಮಾನ್ಯನಲ್ಲ, ಆಕಾಶದಲ್ಲಿ ಹಾರುವ ಮಹಾವೀರ ಎಂದು ತೋರಿಸಿಕೊಳ್ಳುತ್ತಾನೆ. ನಮ್ಮ ಸಿನಿಮಾಗಳಲ್ಲಾದರೆ ಅಲ್ಲಿಗೆ ಹುಡುಗಿ ಕಾಲಿಗೆ ಬಿದ್ದು ಯುಗಳಗೀತೆ ಶುರುವಾಗಬೇಕು. ಇಲ್ಲಿ ಅವಳು ಅವನನ್ನು ಕೆಡವಿ, ಗುಮಾಸ್ತನಾದರೇನು ಮಹಾವೀರನಾದರೇನು, ನೀನು ಅದೇ ಅಸಹ್ಯದ ಮನುಷ್ಯ ತಾನೆ ಎಂಬರ್ಥದ ಮಾತಾಡಿ ಹೋಗಿಬಿಡುತ್ತಾಳೆ. ಕೊನೆಯ ಮಾತು ಹೆಣ್ಣಿನದು. ಅರ್ಧ ಇಂಗ್ಲಿಷು ಬರುತ್ತಿದ್ದ ನಮ್ಮೂರಿನ ಹುಡುಗಿಗೂ ಅದು ಅರ್ಥವಾಗಿತ್ತು, ಖಜಾಂಚಿಗಳೇ. ನಮಗೆ ಹಾಸ್ಯಪ್ರಜ್ಞೆ ಇರಲಿಲ್ಲವೆಂದರೆ ನಾನು ಆ ಹೊತ್ತು ಬಾಯಿಗೆ ಸೆರಗು ತುರುಕಿಕೊಂಡದ್ದೇಕೆ?

ಆ ಪತ್ರಿಕೆ ಹೆಣ್ಣಿನ ಪಕ್ಷ ವಹಿಸಿತ್ತು ಎಂದು ಸುಳ್ಳು ಹೇಳಲಾರೆ. ವಾಲಿ ವುಡ್ ಬರೆದ ಹೆಂಗಸರನ್ನು ನೋಡಿದರೆ ಅವರು ಯಾರ ಕಣ್ಣಿಗಾಗಿ ಬರೆದವರು ಎಂದು ತಿಳಿಯುತ್ತದೆ. ಆದರೆ ಅಲ್ಲಿನ ನಗು ಬೀಳುತ್ತಿದ್ದುದು ದೊಡ್ಡವರ ಮೇಲೆ. ಜಾಹೀರಾತಿನ ಸುಳ್ಳು, ಸಿನಿಮಾದ ಡೌಲು, ಪುಢಾರಿಗಳ ಗತ್ತು, ಮಕ್ಕಳನ್ನು ಮರುಳು ಮಾಡುವ ಮಹಾವೀರರು. 1954ರಲ್ಲಿ ಅಮೆರಿಕದ ಸೆನೆಟ್ಟಿನ ಸಮಿತಿಯೊಂದು ಚಿತ್ರಕಥೆಗಳಿಂದ ಮಕ್ಕಳು ಕೆಡುತ್ತಾರೆಂದು ವಿಚಾರಣೆ ಮಾಡಿತು. ಗೇನ್ಸ್ ತಾನಾಗಿಯೇ ಹೋಗಿ ಸಾಕ್ಷಿ ಹೇಳಿದ. ಪ್ರಕಾಶಕರು ತಾವೇ ಸೇರಿ ನಿಯಮಾವಳಿ ಮಾಡಿಕೊಂಡರು. ಅದರ ಹೊಡೆತಕ್ಕೆ ಗೇನ್ಸ್‌ನ ಉಳಿದ ಪತ್ರಿಕೆಗಳೆಲ್ಲ ಒಂದೊಂದಾಗಿ ಮುಚ್ಚಿದವು. ಉಳಿದದ್ದು 'ಮ್ಯಾಡ್' ಒಂದೇ. ಬೇರೆ ಪತ್ರಿಕೆಯಿಂದ ಕರ್ಟ್ಜ್‌ಮನ್‌ಗೆ ಕರೆ ಬಂದಾಗ ಅವನನ್ನು ಉಳಿಸಿಕೊಳ್ಳಲು ಗೇನ್ಸ್ ಅವನ ಆಸೆಯಂತೆ ಅದನ್ನು ಚಿತ್ರಕಥೆಯ ಪುಸ್ತಕದಿಂದ ದೊಡ್ಡವರ ಮಾಸಪತ್ರಿಕೆಯ ಅಳತೆಗೆ ಏರಿಸಿದ. 1955ರಲ್ಲಿ 24ನೆಯ ಸಂಚಿಕೆ ಆ ರೂಪದಲ್ಲಿ ಬಂತು.

ಮರುವರ್ಷವೇ ಜಗಳ. ಕಂಪನಿಯನ್ನು ಎತ್ತಿ ನಿಲ್ಲಿಸಿದ ಪತ್ರಿಕೆ ನನ್ನದು, ಅದರಲ್ಲಿ ಶೇಕಡಾ 51ರ ಹಕ್ಕು ನನಗೆ ಕೊಡು ಎಂದ ಇವನು. ಆಗದು ಎಂದ ಗೇನ್ಸ್. 1956ರಲ್ಲಿ ಇವನು ಹೊರಬಿದ್ದ. ಪತ್ರಿಕೆ ಬೇರೊಬ್ಬ ಸಂಪಾದಕನ ಕೈಯಲ್ಲಿ ಬೆಳೆದು 1970ರ ದಶಕದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಹುಟ್ಟಿಸಿದವನಿಗೆ ಅದರಲ್ಲಿ ಪಾಲಿಲ್ಲ.

ಇಲ್ಲಿಯವರೆಗೆ ಓದಿದಾಗ ನನಗೆ ಅವನ ಮೇಲೆ ಮಮತೆಯೇ ಬಂತು. ದುಡಿದವರು ಒಬ್ಬರು, ಖಾತೆ ಇನ್ನೊಬ್ಬರ ಹೆಸರಿಗೆ. ಇದು ನಮಗೆ ಹೊಸದೇ? ಮೂವತ್ತು ವರ್ಷ ಗಾರೆ ಒರೆಸಿ, ಸುಣ್ಣ ಬಳಿಸಿ, ತೆಂಗಿನ ಸಸಿಗೆ ನೀರು ಹೊತ್ತು ಮನೆ ನಿಲ್ಲಿಸಿದವಳು ಕಂದಾಯದ ರಸೀತಿಯಲ್ಲಿ ತನ್ನ ಹೆಸರು ಹುಡುಕಿದರೆ ಸಿಗುತ್ತದೆಯೇ? ಅವನ ಆ 51ರ ಬೇಡಿಕೆಯನ್ನು ದುರಾಸೆ ಎಂದು ಬರೆದವರಿದ್ದಾರೆ. ನಾನು ಹಾಗೆನ್ನುವುದಿಲ್ಲ.

ಆದರೆ ಈ ಬಗೆಯ ಮರೆವಿನಲ್ಲಿ ಅವನಿಗಿಂತ ಹೆಚ್ಚು ಕಳೆದುಕೊಂಡವರೂ ಅದೇ ಕಚೇರಿಯಲ್ಲಿದ್ದರು. ಇ.ಸಿ. ಕಂಪನಿಯ ಚಿತ್ರಕಥೆಗಳಿಗೆ ಬಣ್ಣ ತುಂಬುತ್ತಿದ್ದವಳು ಮೇರಿ ಸೆವೆರಿನ್. ಇವನ ಯುದ್ಧದ ಕಥೆಗಳಲ್ಲಿನ ಮಂಕು ಬೆಳಕು, 'ಮ್ಯಾಡ್'ನ ಕಣ್ಣು ಕುಕ್ಕುವ ಬಣ್ಣ ಅವಳ ಕೆಲಸ. ಚಿತ್ರ ಬರೆಯುವ ಕೈಯೂ ಅವಳಿಗಿತ್ತು. ಮುಂದೆ 1960ರ ದಶಕದಲ್ಲಿ ಮಾರ್ವೆಲ್ ಕಂಪನಿಯಲ್ಲಿ ದೊಡ್ಡ ದೊಡ್ಡ ಕಥೆಗಳಿಗೆ ಚಿತ್ರ ಬರೆದು ತೋರಿಸಿದಳು, ನಗೆಚಿತ್ರಗಳನ್ನೂ ಬರೆದಳು. ಆದರೆ ಇ.ಸಿ.ಯ ಗಂಡಸರ ಗುಂಪಿನಲ್ಲಿ ಅವಳ ಪಾಲಿಗಿದ್ದುದು ಬಣ್ಣದ ಬಟ್ಟಲು. 2018ರಲ್ಲಿ ಅವಳು ತೀರಿಕೊಂಡಳು. ಕರ್ಟ್ಜ್‌ಮನ್‌ನ ಹೆಸರು ಹೇಳುವ ಹತ್ತು ಜನರಲ್ಲಿ ಒಬ್ಬರೂ ಅವಳ ಹೆಸರು ಹೇಳುವುದಿಲ್ಲ.

'ಮ್ಯಾಡ್' ಬಿಟ್ಟವನು ಮತ್ತೆ ಮತ್ತೆ ಪತ್ರಿಕೆ ಕಟ್ಟಿದ. 'ಪ್ಲೇಬಾಯ್'ನ ಯಜಮಾನ ಹ್ಯೂ ಹೆಫ್ನರ್ ಹಣ ಹಾಕಿ 1957ರಲ್ಲಿ 'ಟ್ರಂಪ್' ಎಂಬ ಬಣ್ಣಬಣ್ಣದ ಪತ್ರಿಕೆ ತೆಗೆಸಿದ. ಎರಡೇ ಸಂಚಿಕೆಗೆ ಬಾಗಿಲು ಹಾಕಿಸಿದ. ಕಲಾವಿದರೇ ತಮ್ಮ ತಮ್ಮ ಗಂಟು ಬಿಚ್ಚಿ 'ಹಂಬಗ್' ಎಂಬ ಪತ್ರಿಕೆ ಮಾಡಿದರು. 11 ಸಂಚಿಕೆಗೆ ಗಂಟು ಕರಗಿತು. 1959ರಲ್ಲಿ ಒಬ್ಬನೇ ಕೂತು 'ಜಂಗಲ್ ಬುಕ್' ಎಂಬ ಪುಸ್ತಕ ಬರೆದ. ಅದರಲ್ಲೊಂದು ಕಥೆ ನಾವೆಲ್ಲ ಓದಬೇಕಾದ್ದು. ಗುಡ್‌ಮನ್ ಬೀವರ್ ಎಂಬ ಮುಗ್ಧ ಹುಡುಗ ಒಂದು ಪ್ರಕಾಶನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಅಲ್ಲಿನ ದೊಡ್ಡವರಿಗೆಲ್ಲ ಕಚೇರಿಯ ಹುಡುಗಿಯರ ಹಿಂದೆ ಬೀಳುವುದೇ ಕೆಲಸ. ಮೊದಲು ಬೆಚ್ಚಿಬಿದ್ದ ಹುಡುಗ ಕೊನೆಕೊನೆಗೆ ತಾನೂ ಅವರಂತೆಯೇ ಆಗುತ್ತಾನೆ. ಕೆಲಸಕ್ಕೆ ಹೋಗುವ ಹೆಂಗಸರ ಕಷ್ಟಕ್ಕೆ ಕಾನೂನಿನಲ್ಲಿ ಹೆಸರೂ ಇಲ್ಲದ ಕಾಲದಲ್ಲಿ ಗಂಡಸೊಬ್ಬ ಗಂಡಸರನ್ನು ಹೀಗೆ ನೋಡಿ ಬರೆದಿದ್ದ. ಅವನಿಗೆ ಕಣ್ಣಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನನ್ನ ಸಿಟ್ಟಿಗೆ ಕಾರಣವೇ ಅದು.

1960ರಲ್ಲಿ 'ಹೆಲ್ಪ್' ಎಂಬ ಇನ್ನೊಂದು ಪತ್ರಿಕೆ ಶುರುವಾಯಿತು. ಐದು ವರ್ಷ, 26 ಸಂಚಿಕೆ ನಡೆಯಿತು. ಕೈಯಲ್ಲಿ ಕಾಸಿಲ್ಲ. ಪ್ರಸಿದ್ಧ ನಟರನ್ನು, ವಿದೂಷಕರನ್ನು ಮಾತಿನಲ್ಲೇ ಒಲಿಸಿ ಮುಖಪುಟದ ಫೋಟೋಗೆ ಕರೆತರುವ ಕೆಲಸ ಒಬ್ಬ ಸಹಾಯಕಿಯದು. ಕಾಲೇಜು ಮುಗಿಸಿ 1957ರಲ್ಲಿ ವಿದ್ಯಾರ್ಥಿವೇತನದ ಮೇಲೆ ನಮ್ಮ ದೇಶಕ್ಕೆ ಬಂದು, ಒಂದು ವರ್ಷಕ್ಕೂ ಹೆಚ್ಚು ಕಾಲ ಸೀರೆಯುಟ್ಟು ಓಡಾಡಿ, ಗಾಂಧೀವಾದಿಗಳ ಜೊತೆ ತಮಿಳುನಾಡಿನ ಹಳ್ಳಿಗಳಲ್ಲಿ ಕಾಲ್ನಡಿಗೆ ಮಾಡಿ ಹೋಗಿದ್ದ ಹುಡುಗಿ ಅವಳು. ಹೆಸರು ಗ್ಲೋರಿಯಾ ಸ್ಟೈನಮ್.

ಹೌದು, ಅದೇ ಗ್ಲೋರಿಯಾ ಸ್ಟೈನಮ್. 1970ರ ದಶಕದಲ್ಲಿ 'ಮಿಜ್' ಎಂಬ ಸ್ತ್ರೀವಾದಿ ಪತ್ರಿಕೆಯನ್ನು ಕಟ್ಟಿದವಳು, ಅಮೆರಿಕದ ಹೆಂಗಸರ ಚಳವಳಿ ಎಂದಕೂಡಲೇ ಬಾಯಿಗೆ ಬರುವ ಹೆಸರು. ಸ್ತ್ರೀವಾದಿಗಳಿಗೆ ನಗು ಬಾರದು ಎನ್ನುತ್ತೀರಲ್ಲ, ಅವರಲ್ಲಿ ಎಲ್ಲರಿಗಿಂತ ಹೆಸರಾದವಳು ಅನ್ನ ಹುಟ್ಟಿಸಿಕೊಂಡ ಮೊದಮೊದಲ ಕೆಲಸಗಳಲ್ಲಿ ಒಂದು ನಗೆಪತ್ರಿಕೆಯದು. ಅವಳ ಗುರು ಆ ಕಾಲದ ಅಮೆರಿಕದ ಅತಿ ದೊಡ್ಡ ನಗೆಗಾರ.

ಮುಂದಿನದನ್ನು ಗಮನವಿಟ್ಟು ಓದಿ. 'ಹೆಲ್ಪ್' ಪತ್ರಿಕೆಯಲ್ಲಿ ಕರ್ಟ್ಜ್‌ಮನ್ ತನ್ನ ಹಳೆಯ ಗುಡ್‌ಮನ್ ಬೀವರ್‌ನನ್ನು ಮತ್ತೆ ಕರೆತಂದ. ಕಪಟವರಿಯದ ಹುಡುಗ, ಅವನು ಎಲ್ಲಿ ಹೋದರೂ ಸುತ್ತಲ ಲೋಕದ ಕೊಳಕು ತಾನಾಗಿ ಹೊರಬೀಳುತ್ತದೆ. 1962ರ ಫೆಬ್ರವರಿಯಲ್ಲಿ ಹೆಫ್ನರ್‌ನ ಐಷಾರಾಮವನ್ನೇ ಗೇಲಿ ಮಾಡಿದ ಕಥೆ ಬಂತು. ಅದರಲ್ಲಿ 'ಆರ್ಚಿ' ಚಿತ್ರಕಥೆಯ ಪಾತ್ರಗಳನ್ನು ಅಣಕಿಸಿದ್ದರಿಂದ ಆರ್ಚಿಯ ಪ್ರಕಾಶಕರು ತಕರಾರು ಎತ್ತಿ, ಕ್ಷಮೆ ಕೇಳಿಸಿ, ಪರಿಹಾರವನ್ನೂ ವಸೂಲು ಮಾಡಿದರು. ಹೆಫ್ನರ್ ಮಾತ್ರ ತನ್ನನ್ನು ಗೇಲಿ ಮಾಡಿದ್ದಕ್ಕೆ ಸಿಟ್ಟಾಗಲಿಲ್ಲ. ಗೇಲಿ ಮಾಡಿದವನನ್ನೇ ಕೊಂಡುಕೊಂಡ.

ಕರ್ಟ್ಜ್‌ಮನ್ ಗುಡ್‌ಮನ್‌ನನ್ನೇ 'ಪ್ಲೇಬಾಯ್'ಗೆ ಕೊಡಲು ನೋಡಿದ. ಅವನು ಅಲ್ಲಿ ನಡೆಯಲಿಲ್ಲ. ಆಗ ಅದೇ ಮುಗ್ಧನನ್ನು ಹೆಣ್ಣು ಮಾಡಿದ. 1962ರ ಅಕ್ಟೋಬರಿನಲ್ಲಿ 'ಲಿಟಲ್ ಆ್ಯನಿ ಫ್ಯಾನಿ' ಶುರುವಾಯಿತು. 1988ರವರೆಗೆ, ಇಪ್ಪತ್ತಾರು ವರ್ಷ, 107 ಕಂತು. ಒಂದೊಂದು ಚೌಕವನ್ನೂ ವಿಲ್ ಎಲ್ಡರ್ ತೈಲಚಿತ್ರದಷ್ಟು ಶ್ರದ್ಧೆಯಿಂದ ಬಣ್ಣದಲ್ಲಿ ಬರೆಯುತ್ತಿದ್ದ. ಕಥೆ ಏನೇ ಇರಲಿ, ಟೀವಿಯಿರಲಿ, ರಾಜಕೀಯವಿರಲಿ, ಜಾಹೀರಾತಿರಲಿ, ಕೊನೆಗೆ ಆ್ಯನಿಯ ಬಟ್ಟೆ ಕಳಚಿ ಬೀಳಲೇಬೇಕು. ಹುಡುಗಿಗೆ ಏನಾಯಿತೆಂದು ಅವಳಿಗೇ ತಿಳಿಯದು. ಓದುಗ ಗಂಡಸರಿಗೆ ತಿಳಿಯುತ್ತದೆ.

ಗುಡ್‌ಮನ್ ಮತ್ತು ಆ್ಯನಿ ಒಂದೇ ಪಾತ್ರ, ಇಬ್ಬರೂ ಕಪಟವರಿಯದವರು. ಮುಗ್ಧ ಗಂಡಾಗಿದ್ದಾಗ ಲೋಕದ ಮಾನ ಹೋಗುತ್ತಿತ್ತು. ಮುಗ್ಧ ಹೆಣ್ಣಾದ ಕೂಡಲೇ ಅವಳ ಮಾನವೇ ಹೋಗತೊಡಗಿತು. ಹಾಸ್ಯದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ಆ್ಯನಿ ನಿಷ್ಕಪಟಿ, ಅವಳ ಸುತ್ತ ಜೊಲ್ಲು ಸುರಿಸುವ ಗಂಡಸರೇ ನಗೆಪಾಟಲಾಗುವವರು, ಅದು ಗಂಡಸರ ಮೇಲಿನ ವಿಡಂಬನೆ ಎನ್ನುತ್ತಾರೆ. ಸ್ವಾಮಿ, ವಿಡಂಬನೆ ಗಂಡಸರ ಮೇಲಾದರೆ ಅವರ ಷರಾಯಿ ಬೀಳಲಿ. 107 ಸಲದಲ್ಲಿ ಸರದಿ ಯಾವಾಗಲೂ ಅವಳದೇ ಏಕೆ? ಜೊಲ್ಲು ಸುರಿಸುವವರನ್ನು ಗೇಲಿ ಮಾಡುವ ಪುಟವನ್ನು ಜೊಲ್ಲು ಸುರಿಸುವವರೇ ಕಾಸು ಕೊಟ್ಟು ಕೊಂಡುಕೊಂಡು ಇಪ್ಪತ್ತಾರು ವರ್ಷ ಚಪ್ಪರಿಸಿದರೆಂದರೆ ಆ ಗೇಲಿ ಯಾರಿಗೂ ತಾಗಲಿಲ್ಲ ಎಂದೇ ಅರ್ಥ. ಗೇಲಿಗೆ ಗುರಿಯಾದ ಹೆಫ್ನರ್ ಗೇಲಿಗೆ ಸಂಬಳ ಕೊಟ್ಟ. ಕಂತು ಕಂತನ್ನೂ ತಾನೇ ತಿದ್ದಿಸುತ್ತಿದ್ದ.

ಈಗ ಆ ಸಹಾಯಕಿ ಏನು ಮಾಡಿದಳು ನೋಡಿ. ಆ್ಯನಿ ಶುರುವಾದ ಕೆಲವೇ ತಿಂಗಳಿಗೆ, 1963ರ ಮೊದಲಲ್ಲಿ, ಗ್ಲೋರಿಯಾ ಸ್ಟೈನಮ್ ಸುಳ್ಳು ಹೆಸರು ಹೇಳಿಕೊಂಡು ನ್ಯೂಯಾರ್ಕಿನ ಪ್ಲೇಬಾಯ್ ಕ್ಲಬ್ಬಿನಲ್ಲಿ ಬಡಿಸುವ ಹುಡುಗಿಯಾಗಿ ಸೇರಿದಳು. ಮೊಲದ ಕಿವಿ, ಮೊಲದ ಬಾಲ, ಉಸಿರು ಕಟ್ಟುವಷ್ಟು ಬಿಗಿಯಾದ ಉಡುಪು. ಆ ಉಡುಪಿನಲ್ಲಿ ಗಂಟೆಗಟ್ಟಲೆ ನಿಲ್ಲುವವರ ಕಾಲು ಏನಾಗುತ್ತದೆ, ಹೇಳಿದ ಸಂಬಳದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಕೆಲಸಕ್ಕೆ ಸೇರುವ ಮುಂಚೆ ಎಂಥ ವೈದ್ಯಪರೀಕ್ಷೆ ಮಾಡಿಸುತ್ತಾರೆ ಎಂಬುದನ್ನೆಲ್ಲ 'ಷೋ' ಎಂಬ ಪತ್ರಿಕೆಯಲ್ಲಿ ಎರಡು ಕಂತಾಗಿ ಬರೆದಳು. ಬರೆದ ರೀತಿ ಗೋಳಲ್ಲ. ಓದುವಾಗ ಎಷ್ಟೋ ಕಡೆ ನಗು ಬರುತ್ತದೆ. ಹೆಫ್ನರ್‌ನ ಪತ್ರಿಕೆಗೆ ಗುರು ಮುಂಬಾಗಿಲಿನಿಂದ ಹೋದ. ಹೆಫ್ನರ್‌ನ ಕ್ಲಬ್ಬಿಗೆ ಶಿಷ್ಯೆ ಹಿತ್ತಲ ಬಾಗಿಲಿನಿಂದ ಹೋದಳು. ಗುರು ಬಟ್ಟೆ ಕಳಚಿ ನಗಿಸಿದ. ಶಿಷ್ಯೆ ಆ ಬಟ್ಟೆ ತೊಟ್ಟುಕೊಂಡೇ, ಅದು ಎಲ್ಲೆಲ್ಲಿ ಕಚ್ಚುತ್ತದೆ ಎಂದು ಹೇಳಿ ನಗಿಸಿದಳು. 'ಮ್ಯಾಡ್'ನ ಗುಣ ಇಬ್ಬರಲ್ಲಿ ಯಾರ ಹತ್ತಿರ ಉಳಿಯಿತು?

ಅವನಿಗೆ ನಾಲ್ಕು ಮಕ್ಕಳಿದ್ದರು. ಕಟ್ಟಿದ ಪತ್ರಿಕೆಗಳೆಲ್ಲ ಮುಳುಗಿದ್ದವು. ತಿಂಗಳ ಬಾಡಿಗೆ, ಕಿರಾಣಿ ಅಂಗಡಿಯ ಲೆಕ್ಕ ಯಾರನ್ನೂ ಬಿಡುವುದಿಲ್ಲ. ನಾನು ಅಷ್ಟು ಕಲ್ಲುಮನಸ್ಸಿನವಳಲ್ಲ. ಹೊಟ್ಟೆಪಾಡಿಗೆ ಮಾಡಿದ ಎಂದರೆ ಒಪ್ಪುತ್ತೇನೆ. ಆದರೆ ಹೊಟ್ಟೆಪಾಡನ್ನು ಹೊಟ್ಟೆಪಾಡು ಎನ್ನಬೇಕು, ಕಲೆ ಎನ್ನಬಾರದು. ಅವನ ಅಭಿಮಾನಿಗಳು ಆ ಇಪ್ಪತ್ತಾರು ವರ್ಷಗಳನ್ನೂ ಮಹಾಕೃತಿಯ ಲೆಕ್ಕಕ್ಕೇ ಬರೆಯುತ್ತಾರೆ. ಇಲ್ಲವೇ ಒಂದು ವಾಕ್ಯದಲ್ಲಿ ಹಾರಿಸಿ ಮುಂದೆ ಹೋಗುತ್ತಾರೆ. ಎರಡೂ ಮೋಸವೇ. ಯುದ್ಧ ನಡೆಯುವಾಗ ಸೈನ್ಯದ ಡೌಲಿಗೆ ಬಗ್ಗದವನು, ಸೆನೆಟ್ ವಿಚಾರಣೆಯ ಕಾಲದಲ್ಲೂ ಪೆನ್ನು ಕೆಳಗಿಡದವನು, ಒಬ್ಬ ಶ್ರೀಮಂತನ ಚೆಕ್ಕಿಗೆ ಬಗ್ಗಿದ ಎಂದು ಬರೆದರೆ ಅವನ ದೊಡ್ಡತನ ಕಡಿಮೆಯಾಗುವುದಿಲ್ಲ. ಕಳೆದದ್ದು ಎಷ್ಟು ಎಂದು ತಿಳಿಯುತ್ತದೆ.

ಉಳಿದದ್ದೂ ಬೇಕಾದಷ್ಟಿದೆ. 'ಹೆಲ್ಪ್' ಪತ್ರಿಕೆಯಲ್ಲಿ ಅವನು ರಾಬರ್ಟ್ ಕ್ರಂಬ್‌ನಂಥ ಹೊಸಬರಿಗೆ ಪುಟ ಕೊಟ್ಟ. ಮುಂದೆ ಮಾಂಟಿ ಪೈಥಾನ್ ತಂಡದಲ್ಲಿ ಹೆಸರಾದ ಟೆರ್ರಿ ಗಿಲಿಯಂ ಅಲ್ಲಿ ಅವನ ಸಹಾಯಕನಾಗಿದ್ದ. 1973ರಿಂದ ನ್ಯೂಯಾರ್ಕಿನ ಕಲಾಶಾಲೆಯೊಂದರಲ್ಲಿ ಹುಡುಗರಿಗೆ ಪಾಠ ಹೇಳಿದ. 1988ರಿಂದ ಅವನ ಹೆಸರಿನಲ್ಲಿ ಚಿತ್ರಕಥೆಗಾರರಿಗೆ ಪ್ರಶಸ್ತಿ ಕೊಡತೊಡಗಿದರು. 1993ರ ಫೆಬ್ರವರಿ 21ರಂದು ತೀರಿಕೊಂಡ. ಅವನ ಕೈಯಿಂದ ಬಂದ 'ಮ್ಯಾಡ್' 28 ಸಂಚಿಕೆ. ಆ್ಯನಿ 107 ಕಂತು. ಲೋಕ ಅವನನ್ನು ನೆನೆಯುವುದು ಆ 28ಕ್ಕೆ. ಜನ ಕೇಳುತ್ತಾರೆ ಎಂದು ಕೊಟ್ಟದ್ದನ್ನು ಜನ ಬೇಗ ಮರೆಯುತ್ತಾರೆ ಎಂಬುದನ್ನು ನಗಿಸುವವರೆಲ್ಲ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

"ಅದು ಅಮೆರಿಕದ ಅವಸ್ಥೆ, ನಮ್ಮಲ್ಲಿ ಹಾಗಿಲ್ಲ" ಎನ್ನುತ್ತೀರಾ? ನಮ್ಮಲ್ಲೂ ಅದೇ ಕಾಲದಲ್ಲಿ ಒಬ್ಬ ನಗೆಸಂಪಾದಕರಿದ್ದರು. ವೃತ್ತಿಯಲ್ಲಿ ವೈದ್ಯರು, ಡಾ. ಎಂ. ಶಿವರಾಂ, ಎಲ್ಲರ ಬಾಯಲ್ಲಿ 'ರಾಶಿ'. 1942ರಿಂದ 1967ರವರೆಗೆ 'ಕೊರವಂಜಿ' ನಡೆಸಿದರು. ಅಂಗೈ ನೋಡಿ ನಿಜ ಹೇಳುವ ಹೆಂಗಸಿನ ಹೆಸರನ್ನೇ ಪತ್ರಿಕೆಗಿಟ್ಟರು. ಅದರಲ್ಲಿ ಬರೆದು ಬೆಳೆದವರು ಟಿ. ಸುನಂದಮ್ಮನವರು, ಹಾಸ್ಯಕ್ಕೇ ಮುಡಿಪಾಗಿ ಕನ್ನಡದಲ್ಲಿ ಬರೆದ ಮೊದಲ ಹೆಂಗಸರಲ್ಲಿ ಒಬ್ಬರು, ಮುಂದೆ ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷೆ. ಅವರ ಬರವಣಿಗೆಯಲ್ಲೂ ಸಂಸಾರವಿದೆ, ಗಂಡನಿದ್ದಾನೆ, ಅಡುಗೆಮನೆಯಿದೆ. ಆದರೆ ಅಲ್ಲಿ ಹೆಂಡತಿ ನಗುವವಳು, ನಗೆಯ ಸಾಮಾನಲ್ಲ. ಆ ಪತ್ರಿಕೆಯನ್ನು ಓದಿದ ನಾಡಿನಲ್ಲಿ ಇಂದು ಹಾಸ್ಯವೆಂದರೆ ಮೈಕಿನ ಮುಂದೆ ನಿಂತ ಗಂಡಸು, ಅವನ ಬಾಯಲ್ಲಿ ಎದುರಾಡಲಾರದ ಹೆಂಡತಿ. ಆ ಬಡಪಾಯಿಯ ಬಟ್ಟೆಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನಾವೂ ಕಳಚಿದ್ದೇವೆ.

ಆದ್ದರಿಂದ ಖಜಾಂಚಿಗಳೇ, ನನ್ನ ಉತ್ತರ ಕೇಳಿ. ನಮಗೆ ಹಾಸ್ಯಪ್ರಜ್ಞೆ ಇದೆ. ಇರುವುದರಿಂದಲೇ ನಗು ಯಾರ ಮೇಲೆ ಬೀಳುತ್ತಿದೆ ಎಂಬುದು ನಮಗೆ ಕಾಣುತ್ತದೆ. ನಿಮ್ಮ ಭಾಷಣಕಾರರು ನಮ್ಮೂರಿನ ಪುರಸಭೆಯ ಬಗ್ಗೆ ಒಂದು ಮಾತಾಡಲಿಲ್ಲ. ವಾರಕ್ಕೊಮ್ಮೆ ಬಿಡುವ ನಲ್ಲಿನೀರಿನ ಬಗ್ಗೆ ಮಾತಾಡಲಿಲ್ಲ. ವೇದಿಕೆಯ ಮೇಲೆ ಶಾಲು ಹೊದೆಸಿಕೊಂಡು ಕೂತಿದ್ದ ಕಂಟ್ರಾಕ್ಟರರ ಬಗ್ಗೆಯಂತೂ ಕೇಳಲೇಬೇಡಿ. ಅವರೆಲ್ಲ ತಿರುಗಿ ಮಾತಾಡಬಲ್ಲವರು. ಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದವಳು ತಿರುಗಿ ಮಾತಾಡಲಾರಳು. ಹೆದರಿಕೊಂಡು ಹುಡುಕಿದ ಗುರಿಗೆ ಹಾಸ್ಯವೆಂಬ ಹೆಸರು ಬೇಡ.

ನನ್ನ ಓದುಗ ಗೆಳತಿಯರಿಗೂ ಒಂದು ಮಾತು. ಪಕ್ಕದವರು ನಕ್ಕರೆಂದು ನಾವೂ ನಗುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ನಗದಿದ್ದರೆ ಸಿಡುಕಿ ಎಂದಾರು ಎಂಬ ಅಂಜಿಕೆ. ಎಂದರೆ ಎನ್ನಲಿ ಬಿಡಿ. ನಗು ಬಂದರೆ ಪೆಂಡಾಲು ಹಾರಿಹೋಗುವಂತೆ ನಗೋಣ. ಬಾರದಿದ್ದರೆ ಕೈಕಟ್ಟಿ ಕೂತಿರೋಣ. ನಗಿಸಲು ಬಂದವನಿಗೆ ಎದುರಿನ ಸಾಲಿನ ಹತ್ತು ಹೆಂಗಸರ ಸುಮ್ಮನೆ ನೋಡುವ ಮುಖಕ್ಕಿಂತ ದೊಡ್ಡ ವಿಮರ್ಶೆ ಬೇಕಾಗಿಲ್ಲ.

ಈ ವರ್ಷದ ಗಣಪತಿ ಚಂದಾಕ್ಕೆ ಮೊನ್ನೆ ಅದೇ ಖಜಾಂಚಿಗಳು ಬಂದಿದ್ದರು. "ಹಾಸ್ಯಸಂಜೆ ಇದೆಯೇ?" ಎಂದೆ. "ಇದೆ ಮೇಡಂ, ಅವರೇ ಬರ್ತಾರೆ" ಎಂದರು. ಐನೂರು ರೂಪಾಯಿ ಕೊಟ್ಟು, ಅವರಿಗಿಂತ ಮುಂಚೆ ಹದಿನೈದು ನಿಮಿಷ ಮೈಕು ನಮಗೆ ಬೇಕು ಎಂದೆ. "ನಿಮಗೆ ಅಂದರೆ?" ಎಂದರು. ಒಳಗಿನಿಂದ ಕಾಫಿ ತಂದ ನಮ್ಮ ಮನೆಯವರು, "ಸಾವಿತ್ರಮ್ಮನವರಿಗೆ. ಗಂಡನ ಮೇಲೆ ಮಾತಾಡ್ತಾರಂತೆ" ಎಂದರು. ಖಜಾಂಚಿಗಳು ನಗಲಿಲ್ಲ. ಸಮಿತಿಯಲ್ಲಿ ಕೇಳಿ ಹೇಳ್ತೀನಿ ಎಂದು ರಸೀತಿ ಹರಿದುಕೊಟ್ಟು ಹೋದರು. ರಸೀತಿಯಲ್ಲಿ ಹೆಸರು ನಮ್ಮ ಮನೆಯವರದೇ ಇತ್ತು. ಹಿಂದಕ್ಕೆ ಕೂಗಿ ಕರೆದು ನನ್ನ ಹೆಸರಿಗೆ ಬರೆಸಿಕೊಂಡೆ.